ಹೊಸ್ತಿಲಾಚೆ ಲೂಶನ್

...ಕೈ ಜಾರ್ತು ಗಂಗಕ್ಕ, ಅಷ್ಟೇ. ಪುಸ್ತಕ ದಪ್ಪ, ಹಾರ್ಡ್‌ಕವರ್ ಬೇರೆ, ಮೂಲೆ ಚೂಪು. ವಸಂತಾ ಹಣೆ ಅಲ್ಲೇ ಇತ್ತು. ಹುಬ್ಬಿನ ಹತ್ರ ಚೂರು ಸೀಳಿದ್ರೂ ರಕ್ತ ಸುರಿಯುತ್ತೆ, ಅದಕ್ಕೆಲ್ಲ ಹೆದರಬಾರ್ದು. ಶಿಫಾ ಅರ್ಜೆಂಟ್ ಕೇರ್‌ಗೆ ಕರ್ಕೊಂಡ್ ಹೋದ್ಲಲ್ಲ, ಹೊಲಿಗೆ ಹಾಕ್ತಾರೆ, ಸರಿಹೋಗುತ್ತೆ. ನೀವು ಕೂತ್ಕೊಳ್ಳಿ. ಕಾರ್ಪೆಟ್ ನಾನ್ ಒರೆಸ್ತೀನಿ. ಆ ಪೇಪರ್ ಟವೆಲ್ ಇಲ್ಲಿ ಕೊಡಿ... ಹಾಗ್ ನೋಡ್ಬೇಡಿ, ಕೊಡಿ.

ಅಯ್ಯೋ, ಸ್ಕಾರ್ಫ್ ಬೇಡ, ಬಿಡಿ. ಅದರ ಮೇಲೂ ಚಿಮ್ಮಿದೆ, ಗೊತ್ತು. ಮನೇಲಿ ತಣ್ಣೀರಲ್ಲಿ ನೆನೆಸ್ತೀನಿ. ಸೆಕೇನಾ? ಈ ಜಾನ್ಸ್ ಕ್ರೀಕ್ ಊರಲ್ಲಿ ಜುಲೈ ಸೆಕೆ ಎಲ್ಲಾ ಹೊರಗಡೆ. ನಿಮ್ಮನೇಲಿ ಎಸಿ ಹಾಕಿ ಹಾಕಿ ಫ್ರಿಡ್ಜ್ ಮಾಡಿಟ್ಟಿದೀರಿ. ನನಗೆ ಗಂಟಲು ಬೇಗ ಕಟ್ಕೊಳ್ಳುತ್ತೆ... ಟೈಮೆಷ್ಟು? ಆರಕ್ಕೆ ಬದರಿ ಬರ್ತಾರೆ ಕರ್ಕೊಂಡ್ ಹೋಗೋಕೆ. ಅಷ್ಟರಲ್ಲಿ ಈ ಕಲೆ ಹೋಗ್ಬೇಕು. ನನ್ನ ಗಂಡನಿಗೆ ಇದೊಂದು ಗೊತ್ತಾಗ್ಬಾರ್ದು ಗಂಗಕ್ಕ. ಊರಲ್ಲಿ ಇರೋ ಮನೆಗಳಲ್ಲೆಲ್ಲಾ, ಗಂಗಾಂಬಿಕಾ ಅವರ ಮನೆಗೆ ಮಾತ್ರ ಹೋಗು ಅಂತಾರೆ ಅವರು. ಇದೂ ತಪ್ಪಿದ್ರೆ ನಾನು... ಅದಿರ್ಲಿ. ನೀವು ಹೇಳಲ್ಲ ತಾನೇ?

ತಪ್ಪು ನಂದಲ್ಲ, ಆ ಪುಸ್ತಕ ಬರೆದೋಳ್ದು. ಐದು ಪುಸ್ತಕ! ಲಾಕ್‌ಡೌನ್‌ನಲ್ಲಿ ಜೂಮ್ ಮೇಲೆ ಶುರು ಮಾಡಿದ್ದು, ನೆನಪಿದ್ಯಾ? ಗಂಡಂದಿರು ಪಕ್ಕದ ರೂಮಲ್ಲಿ ಆಫೀಸ್ ಕಾಲ್‌ನಲ್ಲಿ, ನಾವು ನಾಲ್ಕು ಜನ ಇಯರ್‌ಫೋನ್ ಸಿಗಿಸ್ಕೊಂಡು ರಕ್ತ ಕುಡಿಯೋನ ಪ್ರೇಮಕಥೆ ಓದ್ತಾ. ಶಿಫಾ ಮೈಸೂರಲ್ಲಿರೋ ಅಮ್ಮನಿಗೆ ಇದು ಕೇಕ್ ಮಾಡೋ ಕ್ಲಾಸು ಅಂತ ಹೇಳಿದ್ಲು. ನಗ್ತಿದೀರಾ? ಹಾ, ನಗಿ.

ಆ ಲೂಶನ್ ರಕ್ತಪಿಶಾಚಿಯಾದ್ರೂ ಎಂಥ ಮರ್ಯಾದಸ್ಥ! ಮಾರೆನ್ ಬಾಯಿಬಿಟ್ಟು ಒಳಗೆ ಬಾ ಅನ್ನೋವರೆಗೂ ಹೊಸ್ತಿಲು ದಾಟೋ ಹಾಗಿಲ್ಲ. ನಾಲ್ಕು ಪುಸ್ತಕದಲ್ಲೂ ಅವಳು ಕರೀತಾಳೆ, ಅವನು ಬರ್ತಾನೆ, ತಡ್ಕೊಳ್ಳೋಕಾಗ್ದೆ ಕಚ್ತಾನೆ, ಆಮೇಲೆ ಅವಳ ಕಾಲು ಹಿಡ್ಕೊಂಡು ಅಳ್ತಾನೆ. ಅಳ್ತಾನೆ ಗಂಗಕ್ಕ, ಅದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಐದನೇದ್ರಲ್ಲಿ ಇಬ್ಬರಿಗೂ ಮದುವೆ ಅಂತ ನಾನು ಕಾದಿದ್ದು ಕಾದಿದ್ದೇ.

ಏನು ಮಾಡಿದ್ಲು ಆ ಕೊಲೆಗಡುಕಿ ಮಾರೆನ್? ಬೆಳಗಿನ ಜಾವ ಅವನು ಬಾಗಿಲಿಗೆ ಬಂದು ನಿಂತಿದಾನೆ. ಬಾ ಅನ್ನೋದೊಂದು ಮಾತು, ಅವಳ ಗಂಟೇನು ಹೋಗ್ತಿತ್ತು? ಒಳಗೆ ನಿಂತು ಕಾಫಿ ಕುಡೀತಾ ನೋಡ್ತಾಳೆ. ಸೂರ್ಯ ಹುಟ್ತಾನೆ. ಮೊದಲು ಬೆರಳು ಕಪ್ಪಾಗುತ್ತೆ, ಆಮೇಲೆ ಮುಖದ ಚರ್ಮ ಸುಲ್ಕೊಂಡು ಬರುತ್ತೆ, ಕಣ್ಣು ಸಿಡಿದುಹೋಗುತ್ತೆ. ಬಾಗಿಲನ್ನ ಉಗುರಲ್ಲಿ ಕೆರೀತಾ ಕೆರೀತಾ ಸಾಯ್ತಾನೆ. ಇವಳು ಲೋಟ ತೊಳ್ದಿಟ್ಟು, ಪೊರಕೆ ತಂದು, ಬೂದಿ ಗುಡಿಸ್ತಾಳೆ. ಕಥೆ ಮುಗೀತು. ಓದ್ತಿದ್ದ ಹಾಗೆ ನನಗೆ ಅವಳ ಕತ್ತು ಹಿಸುಕಿ ಸಾಯಿಸ್ಬೇಕು ಅನ್ನಿಸ್ತು. ನಮ್ಮಲ್ಲಿ ಬಾಗಿಲಿಗೆ ಬಂದೋರನ್ನ ಹೀಗ್ ಮಾಡ್ತಾರಾ? ಹೋದ ಸಲ ಬದರಿ ಬಂದಾಗ ನೀವೇ ಅಲ್ವಾ, ಒಳಗೆ ಬನ್ನಿ, ಕಾಫಿ ಕುಡ್ಕೊಂಡೇ ಹೋಗ್ಬೇಕು ಅಂತ ಕೂರಿಸಿ, ಕೋಡುಬಳೆ ಕೊಟ್ಟು ಕಳಿಸಿದ್ದು!

ನಾನೊಬ್ಬಳೇ ಅಲ್ಲ ಬಿಡಿ. ಇಂಟರ್‌ನೆಟ್ ನೋಡಿ. ಯಾವಳೋ ಹಿತ್ತಲಲ್ಲಿ ಬಾರ್ಬೆಕ್ಯೂ ಗ್ರಿಲ್ ಮೇಲೆ ಪುಸ್ತಕ ಸುಟ್ಟು ವಿಡಿಯೋ ಹಾಕಿದಾಳೆ. ಇನ್ನೊಬ್ಬಳು, ಬರೆದ ಕೈ ಕತ್ತರಿಸ್ತೀನಿ ಅಂದಿದಾಳೆ. ಶಿಫಾ ಮಗನ ಸಮ್ಮರ್ ಕ್ಯಾಂಪ್ ಪಿಕಪ್ ಲೈನ್‌ನಲ್ಲಿ ಕೊನೇ ಪುಟ ಓದಿ ಅಳ್ತಾ ಕೂತಿದ್ಲಂತೆ, ಹಿಂದಿನ ಕಾರಿನೋರು ಹಾರ್ನ್ ಹೊಡ್ದಿದ್ದೂ ಕೇಳಿಸ್ಲಿಲ್ವಂತೆ. ಅರ್ಧ ಜನ ಒಂದು ಸ್ಟಾರ್, ಅರ್ಧ ಜನ ಐದು. ಐದು ಕೊಟ್ಟೋಳು ನಮ್ಮ ವಸಂತಾ.

ಕೊಟ್ಕೊಳ್ಳಲಿ, ಬೇಡ ಅಂದೋರ್ಯಾರು? ಆದ್ರೆ ಅವಳು ಏನಂದ್ಲು? ನೀವು ಕಿಚನ್‌ನಲ್ಲಿದ್ರಿ, ನಿಮಗೆ ಕೇಳ್ಸಿರಲ್ಲ. ಚಕ್ಕುಲಿ ತಿನ್ತಾ ತಿನ್ತಾ ಅಂದ್ಲು, ನಾಲ್ಕು ಪುಸ್ತಕ ಕಚ್ಚಿಸ್ಕೊಂಡು ಮತ್ತೆ ಮತ್ತೆ ಒಳಗೆ ಕರೆದೋಳಿಗೆ ಮಾನ ಮರ್ಯಾದೆ ಇಲ್ಲ, ಅಂಥೋಳು ಸತ್ರೂ ನಾನು ಅಳಲ್ಲ ಅಂತ. ಶಿಫಾ ನಕ್ಕಳು. ಅಷ್ಟು ಸಲೀಸಾ? ವಸಂತಾಗೆ ಕೆಲಸ ಇದೆ, ಗ್ರೀನ್ ಕಾರ್ಡ್ ಇದೆ, ಕೈಯಲ್ಲಿ ಕಾರಿನ ಕೀ ಇದೆ. ಅವನ ವೀಸಾದಲ್ಲಿ ಕೂತಿರೋಳು ಎಲ್ಲಿಗೆ ಹೋಗ್ಬೇಕು?

...ಮಾರೆನ್ ಬಗ್ಗೆ ಹೇಳ್ತಿದೀನಿ. ಮಾರೆನ್‌ಗೆ ವೀಸಾ ಇಲ್ಲ, ಗೊತ್ತು. ಮಾತಿಗಂದೆ.

ಸರಿ, ಜಾರ್ಲಿಲ್ಲ. ಎಸ್ದೆ. ಬೇಕು ಅಂತಾನೇ ಎಸ್ದೆ, ಸಮಾಧಾನ ಆಯ್ತಾ? ಸಿಟ್ಟು ಬಂತು. ಒಂದೇ ಒಂದು ಏಟು... ಯಾಕ್ ತಲೆ ಅಲ್ಲಾಡಿಸ್ತಿದೀರಾ? ನೀವು ಬಂದಿದ್ದು ಅವಳು ಕಿರುಚಿದ ಮೇಲಲ್ವಾ?

ನೋಡಿದ್ರಾ?

ಎಲ್ಲಾನೂ?

ಹೌದು, ಕೂದಲು ಹಿಡ್ದೆ. ಹಿಂದೆ, ಕತ್ತಿನ ಹತ್ರ, ಬುಡದಲ್ಲಿ. ಅಲ್ಲಿ ಹಿಡಿದ್ರೆ ತಲೆ ತಾನಾಗೇ ಮೇಲಕ್ಕೆ ಬರುತ್ತೆ, ಆಮೇಲೆ ಕೆನ್ನೆಗೆ ಹೊಡೀಬಹುದು. ಹೊಡ್ದೆ. ರಕ್ತ ಕಣ್ಣಿಗೆ ಇಳೀತಿದ್ರೂ ಹೊಡ್ದೆ. ಶಿಫಾ ನನ್ನ ಸೊಂಟ ಹಿಡಿದು ಎಳೀದೇ ಇದ್ದಿದ್ರೆ... ಗಂಗಕ್ಕ, ನಾನು ಇರುವೆ ತುಳಿಯೋಕೂ ಹಿಂದೆ ಮುಂದೆ ನೋಡೋಳು. ಇಷ್ಟು ನೀಟಾಗಿ ಹೊಡ್ಯೋದು ನನಗೆ ಎಲ್ಲಿಂದ ಬಂತು?

ಆಮೇಲೆ ಅವಳ ಮುಂದೆ ಮಂಡಿಯೂರಿ ಅಂದಿದ್ದಾ? ಅದೂ ಕೇಳಿಸ್ತಾ? ನೋಡು, ನನ್ನ ಕೈಲಿ ಏನ್ ಮಾಡಿಸ್ಬಿಟ್ಟೆ... ಅದು ಲೂಶನ್ ಮಾತು. ಪುಸ್ತಕದ್ದು. ಮೂರನೇದ್ರಲ್ಲಿ, ಸೇತುವೆ ಮೇಲೆ ಅವಳನ್ನ ಕಚ್ಚಿ ಅಳ್ತಾನಲ್ಲ, ಅಲ್ಲಿ ಬರುತ್ತೆ. ಓದಿ ಓದಿ ಬಾಯಿಗೆ ಬಂದ್ಬಿಡ್ತು.

ಮೂರನೇದಲ್ವಾ? ಹಾಗಾದ್ರೆ ನಾಲ್ಕನೇದು.

ಏನಾದ್ರೂ ಹೇಳಿ ಗಂಗಕ್ಕ. ನೀವು ಐದೂ ಎರಡೆರಡು ಸಲ ಓದಿದೀರಾ. ಪುಟ ಪುಟ ಗೊತ್ತು ನಿಮಗೆ. ಇದೆ ಅನ್ನಿ. ಇಲ್ಲ ಅನ್ನಿ. ಸುಮ್ನೆ ನನ್ನ ಸ್ಕಾರ್ಫ್ ನೋಡ್ಕೊಂಡು ಕೂರ್ಬೇಡಿ...

ಇಲ್ಲ. ಯಾವ ಪುಸ್ತಕದಲ್ಲೂ ಇಲ್ಲ.

ಲೂಶನ್ ಅತ್ತಾಗ ತಪ್ಪು ನಂದು ಅಂತಾನೆ. ಒಂದು ಸಲಾನೂ ನೀನು ಮಾಡಿಸ್ದೆ ಅನ್ನಲ್ಲ. ನಮ್ಮನೇಲಿ ಅನ್ನೋದು ಅದು. ಅಡುಗೆಮನೇಲಿ, ನಾನು ನೆಲದ ಮೇಲಿದ್ದಾಗ, ಕಣ್ಣಲ್ಲಿ ನೀರು ಹಾಕ್ಕೊಂಡು, ನನ್ನ ಮುಂದೆ ಮಂಡಿಯೂರಿ. ನೋಡು ಯಾಮಿನಿ, ನನ್ನ ಕೈಲಿ ಏನ್ ಮಾಡಿಸ್ಬಿಟ್ಟೆ ಅಂತ. ನಾನೇ ಸಾರಿ ಕೇಳ್ತೀನಿ, ಎದ್ದು ಅವರಿಗೆ ನೀರು ಕೊಡ್ತೀನಿ. ವಸಂತಾನ ಹೊಡೀತಿದ್ದಾಗ ನನ್ನ ಕೈ ನೋಡ್ದೆ. ನನ್ನ ಬಳೆ ಇತ್ತು. ಹೊಡೆತ ಅವರದ್ದೇ.

ಸ್ಕಾರ್ಫ್ ತೆಗೀರಿ. ಹಾ, ಗಂಟು ಹಿಂದಿದೆ. ಮೆಲ್ಲಗೆ... ತಾಳಿ ಸರದ ಕೆಳಗೆ ನೋಡಿ, ಅದು ಸರ ಉಜ್ಜಿ ಆದ ಗುರುತಲ್ಲ. ಈ ಕಡೆ ನಾಲ್ಕು, ಆ ಕಡೆ ಒಂದು. ಹಲ್ಲಿನ ಗುರುತಾಗಿದ್ರೆ ಕಥೆ ಅಂತಾದ್ರೂ ಹೇಳ್ಬಹುದಿತ್ತು. ಬೆರಳಿಂದು ಗಂಗಕ್ಕ. ಗುರುವಾರದ್ದು. ಉಪ್ಪಿಟ್ಟು ಆರಿಹೋಗಿತ್ತು, ಅದಕ್ಕೆ.

ಅಳ್ಬೇಡಿ. ನೀವು ಅತ್ರೆ ನಾನು...

ಕಾರು ನಿಂತ ಸದ್ದು ಕೇಳಿಸ್ತಾ? ಅವರೇ. ಯಾವತ್ತೂ ಒಂದು ನಿಮಿಷ ಮುಂಚೆ. ಆ ಬಾಗಿಲಿನ ಹೊರಗೆ ನಿಂತು ಕೂದಲು ಸರಿ ಮಾಡ್ಕೋತಾರೆ, ಆಮೇಲೆ ನಗ್ತಾ ಬೆಲ್ ಒತ್ತುತಾರೆ. ಎಷ್ಟು ಒಳ್ಳೆ ಹುಡುಗ ಅಂತೀರಲ್ಲ ನೀವು.

ಬೆಲ್ಲು.

ಏಳ್ತಿದೀರಾ? ಗಂಗಕ್ಕ... ನಿಮಗೆ ಅಭ್ಯಾಸ, ಬಾಯಿಗೆ ತಾನಾಗೇ ಬಂದ್ಬಿಡುತ್ತೆ. ಇವತ್ತೊಂದು ದಿನ ಕಾಫಿಗೆ ಇಡ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಒಳಗೆ ಬನ್ನಿ ಅನ್ಬೇಡಿ.