ಒಂಬತ್ತು ಬೆರಳಿಗೆ ಒಂದು ಲೇತ್

ಕಾಲು ಉಳುಕಿಸಿಕೊಂಡು ಆಸ್ಪತ್ರೆಗೆ ಬಂದಿದ್ದ ದರ್ಜಿ, ಪಕ್ಕದ ಬೆಂಚಿನ ಗಂಡ-ಹೆಂಡತಿಯ ಮಾತಿಗೆ ಕಿವಿಗೊಡಬಾರದು ಅಂದುಕೊಂಡೇ ಕಿವಿಗೊಟ್ಟ. ಹೆಂಡತಿಯ ಎಡಗೈಗೆ ಬ್ಯಾಂಡೇಜು, ಬಲಗೈಯಲ್ಲಿ ಮಷೀನುಗಳ ಚಿತ್ರದ ಪುಸ್ತಕ.

“ಬೆರಳು ಹೋದ ಮೇಲೂ ಮನೇಲಿ ಕಬ್ಬಿಣ ತಿರುಗಿಸಿ ಕಡೆಯೋ ಲೇತ್ ಬೇಕಾ ನಿನಗೆ?”

“ಲೇತೂ ಬೇಕು, ಕಬ್ಬಿಣ ಕೆತ್ತೋ ಮಿಲ್ಲಿಂಗ್ ಮಷೀನೂ ಬೇಕು.”

“ಹಾಗಾದ್ರೆ ಎರಡೂ ಕೂಡಿರೋ ಈ ಪುಟ್ಟದನ್ನ ತಗೋ. ಮೂಲೇಲಿ ಬಿದ್ದಿರುತ್ತೆ.”

“ಮೂಲೇಲಿ ಬಿದ್ದಿರೋಕೆ ಯಾಕ್ರೀ ತರಬೇಕು? ಕಬ್ಬಿಣಕ್ಕೆ ಹಚ್ಚಿದ್ರೆ ಗಡಗಡ ನಡುಗುತ್ತೆ ಅದು. ನನಗೆ ಅಲ್ಲಾಡದಂಥ ಭಾರದ್ದು ಬೇಕು, ಎರಡೂ ಬೇರೆಬೇರೆ ಬೇಕು.”

“ಅಲ್ಲ ಕಣೇ, ಕಾರ್ಖಾನೆ ಲೇತ್ ಬೆರಳು ತಿಂದಿದ್ದು ಇಷ್ಟು ಬೇಗ ಮರೆತುಹೋಯ್ತಾ?”

“ಲೇತ್ ತಿನ್ನಲಿಲ್ಲ. ಉಂಗುರ ಸಿಕ್ಕಿಕೊಳ್ತು. ಕೆಲಸದ ಹೊತ್ತಲ್ಲಿ ತೆಗೆದಿಡ್ತೀನಿ ಅಂದ್ರೆ, ನಾನು ತೊಡಿಸಿದ್ದನ್ನ ಕಳಚಬೇಡ ಅಂತ ಮುಖ ಊದಿಸಿಕೊಂಡೋರು ಯಾರು?”

ಅಷ್ಟರಲ್ಲಿ ನರ್ಸ್ ಕರೆದಳು. ಹೆಂಡತಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದಳು.

“ಮಷೀನ್ ಬಂದ ಮೇಲೆ, ನೀವೂ ಉಂಗುರ ಕಳಚಿಟ್ಟೇ ಆ ಕೋಣೆಗೆ ಕಾಲಿಡಬೇಕು. ಈಗಲೇ ಹೇಳಿರ್ತೀನಿ.”

ಅವಳ ಹಿಂದೆ ನಡೆಯುತ್ತಾ ಗಂಡ ತನ್ನ ಉಂಗುರವನ್ನು ತಿರುಗಿಸಿ ತಿರುಗಿಸಿ ಎಳೆಯುತ್ತಿದ್ದ. ಅದು ಗೆಣ್ಣು ದಾಟಲಿಲ್ಲ.