ಎಡಗೈಯಲ್ಲಿ ಓಡುವ ಗಾಡಿ ಕಾಣೆಯಾದ ಬಗ್ಗೆ

ಹೆಸರು: ದಾಖಲೆಯ ಹೆಸರನ್ನು ಬೇರೆಯಾಗಿ ಬರೆಸಿದ್ದೇನೆ, ಎಲ್ಲರೂ ಕರೆಯುವುದು ಅರೆನೂಲು. ವಯಸ್ಸು: 44. ಉದ್ಯೋಗ: ಲೇತ್ ಕೆಲಸ. ವಿಳಾಸ: ಹಾಸಿಗೆ ಅಂಗಡಿ ಇರುವ ಇಳಿಜಾರು ರಸ್ತೆಯ ಮೇಲ್ತುದಿ. ಕೆಳಗೆ ವರ್ಕ್‌ಶಾಪು, ಮೇಲೆ ಮನೆ.

ಠಾಣೆಯ ಸಾಹೇಬರಲ್ಲಿ ಈ ಮೂಲಕ ತಿಳಿಸಬಯಸುವುದೇನೆಂದರೆ, ನಾನು ಮೇಲ್ಕಂಡ ವಿಳಾಸದಲ್ಲಿ ಹದಿನೆಂಟು ವರ್ಷಗಳಿಂದ ಲೇತ್ ನಡೆಸುತ್ತಿದ್ದೇನೆ. ಯಾರು ಯಾವ ಸಾಮಾನು ತಂದರೂ ಕಣ್ಣಲ್ಲೇ ಅಳೆದು, ಅರೆ ನೂಲು ಹೆಚ್ಚಾಗಿದೆ, ಅರೆ ನೂಲು ಕಮ್ಮಿಯಾಗಿದೆ ಎನ್ನುವ ಚಾಳಿ ನನ್ನದು. ಇಂಚಿನ ಎಂಟನೇ ಒಂದು ಭಾಗಕ್ಕೆ ನಮ್ಮ ಕಸುಬಿನಲ್ಲಿ ನೂಲು ಎನ್ನುತ್ತೇವೆ. ಅದಕ್ಕೇ ಈ ಅಡ್ಡಹೆಸರು. ಇಟ್ಟವಳು ನನ್ನ ಅಕ್ಕ. ಆಕೆ ನನಗಿಂತ ಐದು ವರ್ಷ ದೊಡ್ಡವಳು, ನನ್ನ ಮನೆಯಲ್ಲೇ ಇರುತ್ತಾಳೆ.

ಅಕ್ಕನ ಉದ್ಯೋಗ ಹೊಲಿಗೆ ಯಂತ್ರಗಳ ರಿಪೇರಿ. ಮೋಟಾರ್ ಸೈಕಲ್ಲಿನ ಹಿಂದೆ ಉಪಕರಣಗಳ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಿದ್ದಳು. ಆಕೆ ಬರುವುದು ಗಾಡಿಯ ಸದ್ದಿನಿಂದ ಎರಡು ಬೀದಿಯ ಆಚೆಯಿಂದಲೇ ಗೊತ್ತಾಗುತ್ತಿತ್ತು. ಮೂರು ವರ್ಷದ ಹಿಂದೆ ಒಂದು ಅಂಗಡಿಯ ಶಟರ್ ಕುಸಿದು ಆಕೆಯ ಬಲಗೈ ಮೇಲೆ ಬಿತ್ತು. ಎರಡು ಬೆರಳು ಹೋದವು, ಉಳಿದ ಮೂರರಲ್ಲಿ ಹಿಡಿತವಿಲ್ಲ. ಆಕ್ಸಿಲರೇಟರ್ ತಿರುಗಿಸಲು, ಮುಂದಿನ ಬ್ರೇಕ್ ಹಿಡಿಯಲು ಬಲಗೈಯೇ ಬೇಕಾದ್ದರಿಂದ ಗಾಡಿಗೆ ಹೊದಿಕೆ ಬಿತ್ತು. ಯಂತ್ರಗಳನ್ನು ಜನರೇ ಮನೆಗೆ ತರತೊಡಗಿದರು. ಅಕ್ಕ ಎಡಗೈಯಲ್ಲಿ ರಿಪೇರಿ ಮಾಡುವುದನ್ನು ಕಲಿತಳು, ಆದರೆ ಬಾಗಿಲ ಹೊರಗೆ ಕಾಲಿಡುವುದನ್ನು ಹೆಚ್ಚುಕಮ್ಮಿ ಬಿಟ್ಟಳು. ಗೇರಿಲ್ಲದ ಸ್ಕೂಟರ್ ಕೊಂಡು ಎಡಗೈಗೆ ಹೊಂದಿಸೋಣವೆಂದು ನಾನು ಹೇಳಿದ್ದಕ್ಕೆ, "ಕುರ್ಚಿ ಮೇಲೆ ಕೂತು ಊರು ಸುತ್ತೋ ವಯಸ್ಸಾಗಿಲ್ಲ ನಂಗೆ" ಎಂದು ಮೂಗು ಮುರಿದಳು.

ಆ ಕಾರಣದಿಂದ ಅದೇ ಹಳೆಯ ಗಾಡಿಯನ್ನು ಬಿಚ್ಚಿ ಎಡಗೈಗೆ ಹೊಂದುವಂತೆ ಕಟ್ಟಲು ನಿರ್ಧರಿಸಿದೆ. ಅಕ್ಕನಿಗೆ ತಿಳಿಯದಂತೆ ಬಿಡುವಿನಲ್ಲಿ ಮಾಡಿ ಮುಗಿಸಲು ಎರಡು ವರ್ಷ ಹಿಡಿಯಿತು. ಆಕ್ಸಿಲರೇಟರನ್ನು ಎಡಕ್ಕೆ ತಂದೆ. ಎಡಗಡೆ ಕ್ಲಚ್ ಇದ್ದ ಜಾಗದಲ್ಲಿ ಬ್ರೇಕ್ ಕೂರಿಸಿದೆ. ಕೈಯಲ್ಲಿ ಹಿಡಿಯುವ ಅಗತ್ಯವೇ ಇಲ್ಲದೆ, ಎಂಜಿನ್ ವೇಗ ಏರಿದಾಗ ತಾನಾಗಿ ಕಚ್ಚಿಕೊಳ್ಳುವ ಕ್ಲಚ್ಚನ್ನು ಲೇತಿನಲ್ಲೇ ಮಾಡಿದೆ. ಮೊದಲನೆಯದು ಚೂರುಚೂರಾಯಿತು, ಎರಡನೆಯದು ಹೊಗೆ ಬಿಟ್ಟಿತು, ಮೂರನೆಯದು ಈಗ ಗಾಡಿಯಲ್ಲಿದೆ. ಬಲಗಡೆಯ ಹಿಡಿ ತಿರುಗುವುದಿಲ್ಲ. ಅದು ಅಲ್ಯೂಮಿನಿಯಮ್ಮಿನ ಒಂದು ಬಟ್ಟಲು, ಆಕೆಯ ಕೈಗೆ ತಕ್ಕಂತೆ ಕಡೆದದ್ದು. ಅಳತೆ ಕೊಡೆಂದು ಕೇಳಿದರೆ ಗುಟ್ಟು ರಟ್ಟಾಗುತ್ತದೆಂದು, ಆಕೆ ಹಿಡಿತಕ್ಕಾಗಿ ಬಟ್ಟೆ ಸುತ್ತಿಕೊಂಡಿದ್ದ ಸ್ಕ್ರೂಡ್ರೈವರ್ ಒಂದನ್ನು ಕದ್ದು ತಂದು ಅಳತೆ ತೆಗೆದೆ. ಇದನ್ನು ಬೇರೆ ಪ್ರಕರಣವೆಂದು ಬರೆಯಬಾರದಾಗಿ ವಿನಂತಿ.

ಒಂದು ತಪ್ಪಾಯಿತು. ಆಕ್ಸಿಲರೇಟರ್ ಹಿಡಿಯೊಳಗೆ ಕೇಬಲ್ ಸುತ್ತುವ ಒಂದು ಕೊಳವೆ ಇರುತ್ತದೆ. ಬಲಗಡೆ ಇದ್ದ ಹಳೆಯ ಕೊಳವೆಯನ್ನು ಇದಿರಿಗಿಟ್ಟುಕೊಂಡು ತದ್ರೂಪ ಮಾಡಿದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಖುಷಿಯಿಂದ ಎಡಗಡೆ ಕೂರಿಸಿದ ಮೇಲೆ ನೋಡಿದರೆ ಎಲ್ಲ ಉಲ್ಟಾ. ನಮ್ಮ ಕಡೆಗೆ ತಿರುಗಿಸಿದರೆ ಎಂಜಿನ್ ತಣ್ಣಗಾಗುತ್ತದೆ, ಮುಂದಕ್ಕೆ ತಿರುಗಿಸಿದರೆ ಅಬ್ಬರಿಸುತ್ತದೆ. ಬಲದ್ದನ್ನು ಎಡಕ್ಕೆ ಹಾಕಿದರೆ ದಿಕ್ಕು ಬದಲಾಗುತ್ತದೆಂಬುದು ಅಳತೆಯ ಭರದಲ್ಲಿ ನನ್ನ ತಲೆಗೇ ಹೋಗಿರಲಿಲ್ಲ.

ಹೋದ ಭಾನುವಾರ ಅಕ್ಕನಿಗೆ ವಿಷಯ ತಿಳಿಸಿದೆ. ಆಕೆ ಗಾಡಿಯನ್ನು ಬಾಗಿಲಲ್ಲೇ ನಿಂತು ನೋಡಿದಳು. "ಅಯ್ಯೋ ಪಾಪ ಅಂತ ಮಾಡಿರೋ ಗಾಡಿ ನಂಗೆ ಬೇಡ ಕಣೋ. ಯಾರಿಗಾದ್ರೂ ಕೊಡು" ಎಂದು ಒಳಗೆ ಹೋದಳು. ವಾರವೆಲ್ಲ ಮುಖ ಊದಿಸಿಕೊಂಡಿದ್ದಳು. ನಾನೂ ಊದಿಸಿಕೊಂಡಿದ್ದೆ. ಆಕೆ ಮತ್ತೆ ಗಾಡಿ ಹತ್ತುವುದಿಲ್ಲವೆಂದು ನನಗೆ ಖಾತ್ರಿಯಾಯಿತು. ಆದರೂ ಕೊಳವೆಯನ್ನು ಸರಿ ದಿಕ್ಕಿನಲ್ಲಿ ಮತ್ತೊಂದು ಮಾಡೋಣವೆಂದು ಕೂತೆ, ಉಲ್ಟಾ ಕೆಲಸ ಹಾಗೇ ಬಿಟ್ಟರೆ ನನಗೆ ಊಟ ಸೇರುವುದಿಲ್ಲ.

ಈ ದಿನ ಶನಿವಾರ ಬೆಳಿಗ್ಗೆ 11.20ರ ಸುಮಾರಿಗೆ ಗಾಡಿಯನ್ನು ಬಣ್ಣ ಒಣಗಲೆಂದು ವರ್ಕ್‌ಶಾಪಿನ ಮುಂದೆ ಬಿಸಿಲಿಗೆ ನಿಲ್ಲಿಸಿ, ಕೀಲಿಯನ್ನು ಅದರಲ್ಲೇ ಬಿಟ್ಟು, ಒಳಗೆ ಲೇತಿನಲ್ಲಿ ಆ ಹೊಸ ಕೊಳವೆಗೆ ಕೊನೆಯ ಕಟ್ ಕೊಡುತ್ತಿದ್ದೆ. ಆಗ ಹೊರಗೆ ಕಿಕ್ ಹೊಡೆದ ಸದ್ದು, ಎಂಜಿನ್ ಶುರುವಾದ ಸದ್ದು ಕೇಳಿಸಿತು. ಕೂಡಲೇ ಯಾಕೆ ಏಳಲಿಲ್ಲವೆಂದು ಸಾಹೇಬರು ಕೇಳಿದ್ದಾರೆ. ಕೊನೆಯ ಕಟ್ಟಿನ ನಡುವೆ ಕೈಬಿಟ್ಟರೆ ಕೆಲಸದ ಮೇಲೆ ಗೆರೆ ಬೀಳುತ್ತದೆ. ಕಟ್ ಮುಗಿಸಿ, ಲೇತ್ ನಿಲ್ಲಿಸಿ, ಹೊರಗೆ ಓಡಿದೆ. ಕೊಳವೆಯ ಮೇಲೆ ಗೆರೆ ಬಿದ್ದಿಲ್ಲ.

ಹೆಲ್ಮೆಟ್ ಹಾಕಿದ್ದ ಅಪರಿಚಿತನೊಬ್ಬ ಗಾಡಿಯ ಮೇಲೆ ಇಳಿಜಾರಿನಲ್ಲಿ ಅರ್ಧ ದೂರ ಹೋಗಿದ್ದ. ಬಲಗಡೆಯ ಬಟ್ಟಲನ್ನು ತಿರುಚಿ ತಿರುಚಿ ನೋಡುತ್ತಿದ್ದ. ಕ್ಲಚ್ ಎಂದುಕೊಂಡು ಎಡಗಡೆ ಒತ್ತಿದಾಗೆಲ್ಲ ಬ್ರೇಕ್ ಬಿದ್ದು ಗಾಡಿ ಮುಗ್ಗರಿಸುತ್ತಿತ್ತು. ಕೊನೆಗೆ ನಿಲ್ಲಿಸಬೇಕೆಂದು ಎಡಗಡೆಯ ಹಿಡಿಯನ್ನು ಮುಂದಕ್ಕೆ ತಿರುಗಿಸಿದನೆಂದು ಕಾಣುತ್ತದೆ. ಗಾಡಿ ಬಾಲ ಸುಟ್ಟ ಬೆಕ್ಕಿನಂತೆ ನೆಗೆದು, ವರ್ಕ್‌ಶಾಪಿನಿಂದ 300 ಮೀಟರ್ ದೂರದ ಹಾಸಿಗೆ ಅಂಗಡಿಯ ಮುಂದೆ ಹರಡಿದ್ದ ಹತ್ತಿಯ ರಾಶಿಗೆ ನುಗ್ಗಿತು. ನಾನು ತಲುಪುವಷ್ಟರಲ್ಲಿ ಹಾಸಿಗೆಯವರು ಅವನ ಕಾಲರ್ ಹಿಡಿದು ಠಾಣೆಗೆ ಫೋನ್ ಮಾಡಿಯಾಗಿತ್ತು. ಅವನಿಗಾಗಲಿ ಗಾಡಿಗಾಗಲಿ ಪೆಟ್ಟಾಗಿರಲಿಲ್ಲ. ಮೈಯೆಲ್ಲ ಹತ್ತಿ ಅಂಟಿದ್ದ ಅವನು, ಇಂಥದ್ದನ್ನು ಬೀದಿಯಲ್ಲಿ ನಿಲ್ಲಿಸಿದ್ದಕ್ಕೆ ನನ್ನ ಮೇಲೇ ಕೇಸು ಹಾಕಬೇಕೆಂದು ಕೂಗಾಡಿದ. "ಗಾಡಿನಾ ಅದು, ದೆವ್ವ!" ಎಂದ.

ಜೀಪಿನಲ್ಲಿ ಬಂದ ಪೇದೆಯವರಿಬ್ಬರಲ್ಲಿ ಒಬ್ಬರು ಅವನನ್ನು ಠಾಣೆಗೆ ಕರೆದೊಯ್ದರು. ಇನ್ನೊಬ್ಬರು ಗಾಡಿಯನ್ನೂ ತರಬೇಕೆಂದರು. ನನಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲವೆಂದೆ. "ಓಡಿಸೋಕೇ ಬರಲ್ಲ, ಗಾಡಿ ಮಾಡಿದೀರಾ?" ಎಂದು ಅವರು ನಕ್ಕರು. ಲಾರಿಯಿಂದ ಟ್ರ್ಯಾಕ್ಟರಿನವರೆಗೆ ಎಲ್ಲ ಓಡಿಸಿದ್ದೇನೆಂದು ಹೇಳಿ ತಾವೇ ಹತ್ತಿದರು. ಎರಡು ಸಲ ಹೊರಟರು, ಎರಡು ಸಲವೂ ಹತ್ತಿಯೊಳಗೇ ಹೋದರು. ಮೂರನೆಯ ಸಲ ಹಾಸಿಗೆಯವರು ಎರಡೂ ಕೈ ಚಾಚಿ ರಾಶಿಗೆ ಅಡ್ಡ ನಿಂತರು. ಆ ಪೇದೆಯವರೇ ಈ ಹೇಳಿಕೆಯನ್ನು ಬರೆದುಕೊಳ್ಳುತ್ತಿದ್ದು, ಈ ಸಾಲುಗಳು ಬೇಡವೆಂದರು. ನಡೆದದ್ದು ನಡೆದಂತೆಯೇ ಬರೆಯಬೇಕೆಂದು ನಾನು ಹಟ ಹಿಡಿದೆ.

ಅಷ್ಟರಲ್ಲಿ ಗಲಾಟೆ ಕೇಳಿ ಅಕ್ಕ ಇಳಿಜಾರಿನಲ್ಲಿ ನಡೆದು ಬಂದಳು. ಬಲಗೈಯನ್ನು ಎಂದಿನಂತೆ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಪೇದೆಯವರು ಎಂಜಿನನ್ನು ಅರಚಿಸುತ್ತಿರುವುದನ್ನು ಒಂದು ನಿಮಿಷ ನೋಡಿದಳು. ಆಮೇಲೆ ಆಕೆಗೆ ತಡೆಯಲಾಗಲಿಲ್ಲ. "ಇಳೀರಿ ಸಾರ್. ಬಾಯಿಲ್ಲದ ಗಾಡೀನ ಯಾಕೆ ಹಂಗೆ ಹಿಂಸೆ ಮಾಡ್ತೀರಾ?" ಎಂದಳು. ಪೇದೆಯವರು ಇಳಿದರು.

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಳು. ಬಲಗೈಯನ್ನು ಎಲ್ಲರ ಮುಂದೆ ಹೊರತೆಗೆದು ಬಟ್ಟಲಿನಲ್ಲಿಟ್ಟಳು. ಕೈ ಸರಿಯಾಗಿ ಕೂತಿತು. ಒಂದೇ ಕಿಕ್ಕಿಗೆ ಶುರು ಮಾಡಿ, ಎಡಗೈಯನ್ನು ತನ್ನ ಕಡೆಗೆ ತಿರುಗಿಸಿದಳು. ಎಂಜಿನ್ ಆರಿಹೋಯಿತು. ಹಿಡಿಯನ್ನು ಅತ್ತ ಇತ್ತ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿ, "ಲೋ ಅರೆನೂಲು, ಪೂರ್ತಿ ಉಲ್ಟಾ ಮಾಡಿದೀಯಲ್ಲೋ!" ಎಂದು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಸಿಗೆಯವರು ನಕ್ಕರು, ಪೇದೆಯವರೂ ನಕ್ಕರು. ನನಗೆ ಅಳು ಬಂತು. ಇದನ್ನು ಬರೆಯುವುದು ಬೇಡವೆಂದು ನಾನು ಕೇಳಿಕೊಂಡರೂ, ನಡೆದದ್ದು ನಡೆದಂತೆ ಎಂದು ಪೇದೆಯವರು ನನ್ನ ಮಾತನ್ನೇ ನನಗೆ ತಿರುಗಿಸಿದ್ದಾರೆ.

ಸರಿ ದಿಕ್ಕಿನ ಕೊಳವೆ ತಯಾರಿದೆ, ಸಂಜೆಯೊಳಗೆ ಹಾಕಿಕೊಡುತ್ತೇನೆ ಎಂದೆ. "ಮುಟ್ಟಿದ್ರೆ ನೋಡು! ಇದಕ್ಕಿಂತ ಒಳ್ಳೆ ಬೀಗ ಎಲ್ಲಿ ಸಿಗುತ್ತೆ? ಅಯ್ಯೋ ಪಾಪ ಅಂತ ಮಾಡೋರು ಯಾರಾದ್ರೂ ಇಂಥ ಪೆದ್ದು ಕೆಲಸ ಮಾಡ್ತಾರಾ?" ಎಂದಳು. ಹತ್ತಿಯ ಸುತ್ತ ನಿಧಾನಕ್ಕೆ ನಾಲ್ಕು ಸುತ್ತು ಹಾಕಿ ಕೈ ಪಳಗಿಸಿಕೊಂಡಳು. ಆಮೇಲೆ ಒಂದೂವರೆ ಕಿಲೋಮೀಟರ್ ದೂರದ ಈ ಠಾಣೆಗೆ ತಾನೇ ಓಡಿಸಿಕೊಂಡು ಬಂದಳು. ಪೇದೆಯವರೂ ನಾನೂ ಆಟೋದಲ್ಲಿ ಹಿಂದೆ ಬಂದೆವು, ನಮ್ಮ ಆಟೋಗೆ ಆಕೆಯನ್ನು ಹಿಡಿಯಲಾಗಲಿಲ್ಲ.

ಮಧ್ಯಾಹ್ನ 12.40ಕ್ಕೆ ಗಾಡಿಯನ್ನು ಠಾಣೆಯ ಆವರಣದಲ್ಲಿ ನಿಲ್ಲಿಸಲಾಯಿತು. ಗಾಡಿ ಅಕ್ಕನ ಹೆಸರಿನಲ್ಲಿರುವುದರಿಂದ ಹೇಳಿಕೆಯನ್ನು ಆಕೆಯೇ ಕೊಡಬೇಕೆಂದು, ಬರೆದು ಮುಗಿಯುವವರೆಗೆ ಗಾಡಿ ಕದಲಬಾರದೆಂದು ಸಾಹೇಬರು ಹೇಳಿದರು. ಬಿಸಿಲಿದೆ, ನೆರಳಿಗೆ ಸರಿಸಿ ಬರುತ್ತೇನೆಂದು ಅಕ್ಕ ಹೊರಗೆ ಹೋದಳು. ಆಕೆ ಬಾರದ ಕಾರಣ ಈ ಹೇಳಿಕೆಯನ್ನು ನಾನು ಕೊಡುತ್ತಿದ್ದೇನೆ. ಈಗ ಸಮಯ 1.50. ಈ ನಡುವೆ ಠಾಣೆಯ ಮುಂದಿನ ರಸ್ತೆಯಲ್ಲಿ ಗಾಡಿಯ ಸದ್ದು ಮೂರು ಸಲ ಕೇಳಿಸಿದ್ದು, ಮೂರು ಸಲವೂ ಒಳಗೆ ತಿರುಗದೆ ನೇರ ಮುಂದಕ್ಕೆ ಹೋಗಿದೆ. ಹುಡುಕಲು ಯಾರನ್ನಾದರೂ ಕಳಿಸಲೇ ಎಂದು ಸಾಹೇಬರು ಕೇಳಿದ್ದಕ್ಕೆ, ಬೇಡವೆಂದು ಕೈಮುಗಿದಿದ್ದೇನೆ. ಗಾಡಿ ಈ ರೀತಿ ಎರಡನೆಯ ಬಾರಿ ಕಾಣೆಯಾಗಿರುವ ಬಗ್ಗೆ ನನ್ನ ಯಾವ ದೂರೂ ಇರುವುದಿಲ್ಲ.

ಮೇಲಿನದನ್ನೆಲ್ಲ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದು ಇಷ್ಟೇ, ಹೇಳಿದ್ದೆಲ್ಲವೂ ನಿಜ.

ಸ್ಥಳ: ಠಾಣೆ, ಕಿಟಕಿ ಪಕ್ಕದ ಬೆಂಚು
ದಿನಾಂಕ: ಈ ತಿಂಗಳ 14, ಶನಿವಾರ
ಸಹಿ: (ಅರೆನೂಲು)