ಕೈ ಬಿಟ್ಟದ್ದು

ಎಕ್ಸ್‌ರೇ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಮ್ಮ ಕೂತಿದ್ದರು. ತಮ್ಮನ ಅಂಗೈ ತುಂಬ ಜಡ್ಡು. ಒಂದು ಕೈ ಸೊಂಟದ ಮೇಲೇ ಇತ್ತು.

“ಅಮ್ಮ ಹೇಗೋ ಬಿದ್ಲು?”

“ಬೆಳಿಗ್ಗೆ ಡೆಡ್‌ಲಿಫ್ಟಲ್ಲಿ ನೂರೈವತ್ತು ಕೆಜಿ ಎತ್ತಿದ್ದೆ ಅಕ್ಕ, ಮೊದಲನೇ ಸಲ. ಜಿಮ್ಮಲ್ಲಿ ಎಲ್ರೂ ಚಪ್ಪಾಳೆ ಹೊಡೆದ್ರು.”

“ನಾನು ಕೇಳಿದ್ದು ಅಮ್ಮನ ವಿಷ್ಯ.”

“ಅದನ್ನೇ ಹೇಳ್ತಿದೀನಿ. ಆಗ್ಲಿಂದ ಸೊಂಟ ನೋಯ್ತಾನೇ ಇತ್ತು. ಅಮ್ಮನ್ನ ಮಂಚದಿಂದ ಎತ್ತಿ ನಿಂತೆ, ಹಿಡ್ಕೊಂಡ್ಬಿಡ್ತು. ಸೊಂಟ ಹಿಡ್ಕೊಂಡ್ರೆ ತಕ್ಷಣ ತೂಕದ ರಾಡ್ ಬಿಟ್ಬಿಡು ಅಂತ ಜಿಮ್ಮಲ್ಲಿ ಹೇಳ್ಕೊಟ್ಟಿದಾರೆ. ಕೈ ತಾನಾಗೇ ಬಿಟ್ಬಿಡ್ತು.”

“ಅಮ್ಮ ರಾಡೇನೋ?”

“ತಲೆಗೆ ಗೊತ್ತಿತ್ತು ಅಕ್ಕ. ಕೈಗೆ ಗೊತ್ತಾಗ್ಲಿಲ್ಲ.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ಅವಳನ್ನ ಎತ್ತೋಕೆ ಅಂತಾನೇ ಅಲ್ವಾ ನಾನು ಜಿಮ್ಮಿಗೆ ಸೇರಿದ್ದು?”

ನರ್ಸ್ ಬಾಗಿಲು ತೆರೆದಳು. “ಅಮ್ಮನ್ನ ಟೇಬಲ್ ಮೇಲೆ ಮಲಗಿಸ್ಬೇಕು. ಒಬ್ರು ಬನ್ನಿ.”

ತಮ್ಮ ಗೋಡೆ ಹಿಡಿದು ಎದ್ದ.

“ನೀನು ಕೂತ್ಕೋ.”

“ನಿನ್ನ ಕೈಲಿ ಆಗಲ್ಲ ಅಕ್ಕ.”

“ಅಮ್ಮ ಇರೋದೇ ಮೂವತ್ತೆಂಟು ಕೆಜಿ ಕಣೋ,” ಎಂದು ಹೇಳಿ ಅಕ್ಕ ಒಳಗೆ ಹೋದಳು.